ಹೊಳೆಯ ವಸಡು

ಎಲ್ಲರಿಗೂ ನಮಸ್ಕಾರ.

ವೇದಿಕೆಯ ಮೇಲಿರುವ ಹೊಳೆ ಸಮಿತಿಯ ಅಧ್ಯಕ್ಷರೆ, ಸದಸ್ಯರೆ, ಬಾಗಿಲ ಬಳಿ ನಿಂತೇ ಇರುವ ಗೆಳೆಯರೆ — ಮುಂದೆ ಕುರ್ಚಿಗಳು ಖಾಲಿ ಇವೆ, ದಯವಿಟ್ಟು ಬನ್ನಿ. ಮೊದಲ ಸಾಲಿನಲ್ಲಿ ಅಗಲಿದ ನಮ್ಮ ಡಾಕ್ಟರ ಹೆಂಡತಿ, ನಮ್ಮೆಲ್ಲರ ಅಕ್ಕ, ಇದ್ದಾರೆ, ಪಕ್ಕದಲ್ಲಿ ಅವರ ಮಗಳು. ನಿಮ್ಮಿಬ್ಬರಿಗೆ ಹೇಳಲು ಒಂದು ಮಾತನ್ನು ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಸಿಗದೆಯೇ ಎದ್ದು ನಿಂತಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ.

ನನ್ನನ್ನು ಇಲ್ಲಿ ಬಹಳ ಜನ ಬಲ್ಲಿರಿ. ನಿಮ್ಮಲ್ಲಿ ಅರ್ಧ ಜನರ ಬಾಯೊಳಗೆ ನಾನು ಇಣುಕಿದ್ದೇನೆ, ಇನ್ನರ್ಧ ಜನರ ಬಾಯೊಳಗೆ ಡಾಕ್ಟರು. ಒಂದೇ ಕ್ಲಿನಿಕ್ಕು, ಎರಡು ಕುರ್ಚಿ, ನಡುವೆ ಒಂದು ಪ್ಲೈವುಡ್ ಗೋಡೆ. ಆ ಗೋಡೆ ಎಷ್ಟು ತೆಳುವೆಂದರೆ, ನನ್ನ ಕಡೆಯ ರೋಗಿಗಳು ಅವರ ಮಾತು ಕೇಳಿ ಬಾಯಿ ತೆರೆಯುತ್ತಿದ್ದರು. "ತೆಗೀರಿ. ಇನ್ನೂ. ಹಾಂ, ಇನ್ನೂ. ಈಗ ಉಗುಳಿ." ದಿನವಿಡೀ ಅದೇ. ಆದ್ದರಿಂದಲೇ ಊರಿನವರು ಅವರಿಗೆ ಇಟ್ಟ ಹೆಸರು ನಿಮಗೆಲ್ಲ ಗೊತ್ತಿದೆ. ಒಮ್ಮೆ ಒಬ್ಬ ತಾಯಿ ಬಾಗಿಲಲ್ಲಿ ನಿಂತು "ಉಗುಳು ಡಾಕ್ಟ್ರು ಇದ್ದಾರಾ?" ಎಂದು ಕೇಳಿ, ಎದುರಿಗೆ ಅವರನ್ನೇ ಕಂಡು ನಾಲಿಗೆ ಕಚ್ಚಿಕೊಂಡರು. ಇವರು ಎದ್ದು ಬಂದು, "ಇದ್ದೀನಮ್ಮ, ಬನ್ನಿ. ನಾಲಿಗೆ ಕಚ್ಕೋಬೇಡಿ, ಅದಕ್ಕೂ ನನ್ನ ಹತ್ರಾನೇ ಬರ್ಬೇಕಾಗತ್ತೆ" ಅಂದರು.

ಈಗ ಆ ಗೋಡೆಯ ಆಚೆ ಸದ್ದಿಲ್ಲ. ನಾನು "ಬಾಯಿ ತೆಗೀರಿ" ಎಂದಾಗ ನನ್ನ ದನಿಯೇ ನನಗೆ ಜೋರಾಗಿ ಕೇಳುತ್ತದೆ. — ಇರಲಿ.

ಹಲ್ಲಿನ ಡಾಕ್ಟರಿಗೂ ಹೊಳೆಗೂ ಏನು ಸಂಬಂಧ ಎಂದು ಹೊರಗಿನವರು ಕೇಳುತ್ತಾರೆ. ಸಂಬಂಧ ಶುರುವಾದದ್ದನ್ನು ಗೋಡೆಯ ಈಚೆಯಿಂದ ನಾನು ಕೇಳಿಸಿಕೊಂಡೆ. ಆಗೆಲ್ಲ ನಮ್ಮ ಕ್ಲಿನಿಕ್ಕಿನ ಹಿಂದಿನ ಕಿಟಕಿ ಸದಾ ಮುಚ್ಚಿರುತ್ತಿತ್ತು. ಈ ಸಭಾಂಗಣದ ಹೊಳೆ ಕಡೆಯ ಕಿಟಕಿಗಳಿಗೆ ಮೊಳೆಯನ್ನೇ ಹೊಡೆದಿದ್ದರು, ನೆನಪಿದೆಯಲ್ಲ? ಮದುವೆ ವಯಸ್ಸಿನ ಮಕ್ಕಳು ಹೊಳೆದಂಡೆಯ ಬೀದಿಯ ಸಂಬಂಧ ಅಂದರೆ ಮೂಗು ಮುರಿಯುತ್ತಿದ್ದ ಕಾಲ. ಒಂದು ದಿನ ಒಬ್ಬ ಹೆಂಗಸು ಬಂದರು. ಬಾಯಿಗೆ ಕರವಸ್ತ್ರ. ಕುರ್ಚಿಯಲ್ಲಿ ಕುಳಿತ ಮೇಲೂ ತೆಗೆಯಲಿಲ್ಲ.

"ಡಾಕ್ಟ್ರೇ, ಮೊದ್ಲೇ ಹೇಳಿಬಿಡ್ತೀನಿ. ನನ್ನ ಬಾಯಿ ನಾರತ್ತೆ. ಮಾತಾಡ್ಸೋಕೆ ಬಂದವರೆಲ್ಲ ಮುಖ ತಿರುಗಿಸ್ತಾರೆ. ಈಗ್ಲೂ ಬರ್ತಿದೆ, ನೋಡಿ."

ಡಾಕ್ಟರು ನೋಡಿದರು. ಬಹಳ ಹೊತ್ತು ನೋಡಿದರು. ಒಂದು ಹಲ್ಲೂ ಹಾಳಾಗಿರಲಿಲ್ಲ. ಆಮೇಲೆ ಕುರ್ಚಿ ಎಳೆದ ಸದ್ದು, ಹಿಂದಿನ ಕಿಟಕಿ ಕಿರ್ರೆಂದ ಸದ್ದು. ಆ ನಾತ ನನ್ನ ಕಡೆಗೂ ನುಗ್ಗಿತು.

"ಇದು ನಿಮ್ಮ ಬಾಯಲ್ಲ ತಾಯಿ," ಅಂದರು. "ನಮ್ಮ ಹೊಳೆ."

ಆಕೆಯ ಮನೆಯೂ ಹೊಳೆದಂಡೆಯಲ್ಲೇ. ವರ್ಷಗಟ್ಟಲೆ ಆಕೆ ಊರಿನ ಹೊಲಸನ್ನು ತನ್ನದೆಂದುಕೊಂಡು ಬಾಯಿ ಮುಚ್ಚಿಕೊಂಡೇ ಬದುಕಿದ್ದರು. ಆಕೆ ಹೋದ ಮೇಲೆ ಅವರು ಗೋಡೆಯ ಈಚೆ ಬಂದರು. ನನ್ನನ್ನು ಅವರು ಕರೆಯುತ್ತಿದ್ದದ್ದು ಡಾಕ್ಟ್ರಮ್ಮ ಎಂದು. "ಡಾಕ್ಟ್ರಮ್ಮ, ನಾವು ದಿನಾ ಉಗುಳಿ ಉಗುಳಿ ಅಂತೀವಲ್ಲ, ಅದು ಎಲ್ಲಿಗೆ ಹೋಗತ್ತೆ?"

"ಪೈಪಿಗೆ, ಸರ್."

"ಪೈಪು ಎಲ್ಲಿಗೆ ಹೋಗತ್ತೆ?"

ನಾನು ಅಷ್ಟು ಯೋಚಿಸಿದವಳಲ್ಲ. ನಾನು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದಿದವಳು. ನದಿ ಅಂದರೆ ನನ್ನ ಪಾಲಿಗೆ ನಕಾಶೆಯ ಮೇಲೆ ನೀಲಿ ಬಣ್ಣದಲ್ಲಿ ಎಳೆದ ಗೆರೆ. ಅವರು ಗಮ್‌ಬೂಟು ಹಾಕಿಕೊಂಡು ಹಿತ್ತಲಿಗೆ ಇಳಿದರು. ನಮ್ಮ ಎರಡೂ ಕುರ್ಚಿಗಳ ಪೈಪು ನೆಟ್ಟಗೆ ಹೊಳೆಯ ಮೇಲೆ ಬಾಯಿ ತೆರೆದುಕೊಂಡಿತ್ತು.

ಈ ಊರಿನಲ್ಲಿ ಮುಚ್ಚಿದ ಮೊದಲನೆಯ ಪೈಪು ನಮ್ಮದು. ಕ್ಲಿನಿಕ್ಕಿಗೆ ಬೀಗ ಹಾಕಿ, ನೆಲ ಅಗೆಸಿ, ಚರಂಡಿಯ ದೊಡ್ಡ ಕೊಳವೆಗೆ ಅದನ್ನು ಸೇರಿಸಿದ ಮೇಲೆಯೇ ಅವರು ಇನ್ನೊಬ್ಬರ ಪೈಪಿನ ಮಾತೆತ್ತಿದ್ದು.

ಮಾತೆತ್ತಿದ ರೀತಿಯೂ ಅವರದ್ದೇ. ಸಭೆ ಕರೆದರೆ ಜನ ಬರುವುದಿಲ್ಲ. ಹಲ್ಲುನೋವಿಗೆ ಬಂದೇ ಬರುತ್ತಾರೆ. ಕುರ್ಚಿ ಹಿಂದಕ್ಕೆ ಮಲಗಿಸಿ, ದೀಪ ಮುಖದ ಮೇಲಿಟ್ಟು, ಬಾಯಿಗೆ ಹತ್ತಿ ತುರುಕಿ, ಆಮೇಲೆ ಹೊಳೆಯ ವಿಷಯ ಶುರು. ಎದುರಿನವರು "ಆಂ — ಊಂ" ಎನ್ನುವುದು ಬಿಟ್ಟರೆ ಮಾಡುವುದೇನು? "ಹಾಗಾದ್ರೆ ಒಪ್ಪಿದ್ರಿ ಅನ್ನಿ" ಅಂದುಬಿಡುತ್ತಿದ್ದರು. ಹೊಳೆ ಸಮಿತಿಯ ಅರ್ಧ ಸದಸ್ಯರು ಹಾಗೆ ಬಾಯಿ ತೆರೆದುಕೊಂಡೇ ಸದಸ್ಯರಾದವರು. ನಗುತ್ತಿದ್ದೀರಿ. ನಗಬಹುದು, ಅವರೇನೂ ಬೇಡ ಅನ್ನುತ್ತಿರಲಿಲ್ಲ.

ಬಣ್ಣದ ಕಾರ್ಖಾನೆಯ ಯಜಮಾನರು ಹಿಂದಿನ ಸಾಲಿನಲ್ಲಿದ್ದಾರೆ. ಅವರ ಅಪ್ಪಣೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಹೊಳೆ ಒಂದು ದಿನ ನೀಲಿ, ಒಂದು ದಿನ ಕೆಂಪು ಹರಿಯುತ್ತಿದ್ದ ಕಾಲ. ಇವರು ಗಮ್‌ಬೂಟಿನಲ್ಲಿ ಗೇಟಿನ ಮುಂದೆ ನಿಂತಾಗ, ಯಜಮಾನರೇ, ನೀವು ಏನಂದಿರಿ? "ಏನ್ ಡಾಕ್ಟ್ರೇ, ಹಲ್ಲು ಕೀಳೋದು ಬಿಟ್ಟು ಪೈಪು ಕೀಳೋಕೆ ಬಂದ್ರಾ?" ಇವರು, "ಹಲ್ಲಾದ್ರೆ ನೋವಾಗದ ಹಾಗೆ ಸೂಜಿ ಕೊಟ್ಟು ಕೀಳ್ತೀನಿ. ಪೈಪಿಗೆ ಆ ಸೂಜಿ ಇನ್ನೂ ಬಂದಿಲ್ಲ" ಅಂದರು. ಗೇಟು ಮುಚ್ಚಿತು. ಜಗಳ ಕಚೇರಿಯವರೆಗೂ ಹೋಯಿತು. ಆ ಜಗಳದ ನಡುವೆಯೇ ಯಜಮಾನರ ಕೊನೆಯ ದವಡೆಹಲ್ಲು ಊದಿಕೊಂಡಿತು. ಅವರು ನನ್ನ ಕುರ್ಚಿಗೆ ಬಂದರು, ಗೋಡೆಯ ಆಚೆ ಹೋಗಲಿಲ್ಲ. ಆ ಹಲ್ಲು ನನ್ನ ಕೈಗೆ ಬಗ್ಗಲಿಲ್ಲ. ಅಷ್ಟರಲ್ಲಿ ಇವರೇ ಬಂದು ಕೈಗವಸು ಹಾಕಿಕೊಂಡು, "ಜಗಳ ಬೇರೆ, ದವಡೆ ಬೇರೆ. ತೆಗೀರಿ ಬಾಯಿ" ಅಂದರು. ಯಜಮಾನರು ತೆಗೆದರು, ಹಲ್ಲು ಹೊರಬಂತು. ಅವತ್ತು ಮಾತ್ರ ಇವರು ಹೊಳೆಯ ಸುದ್ದಿ ಎತ್ತಲೇ ಇಲ್ಲ. ಎದ್ದು ಹೋಗುವಾಗ ಯಜಮಾನರೇ, ಕೆನ್ನೆ ಹಿಡಿದುಕೊಂಡು, "ಬೈಬೇಕಿತ್ತು ನೀವು" ಅಂದರು. ನೀರು ಶುದ್ಧಿ ಮಾಡುವ ತೊಟ್ಟಿಗಳು ಕಾರ್ಖಾನೆಯ ಹಿಂದೆ ಎದ್ದದ್ದು ಅದರ ಮುಂದಿನ ವರ್ಷ.

ಇಲ್ಲಿಯವರೆಗಿನ ಕಥೆ ನಿಮಗೆಲ್ಲ ಬಾಯಿಪಾಠ. ಬೆಳಿಗ್ಗೆಯಿಂದ ಎಲ್ಲರೂ ಇದನ್ನೇ ಹೇಳುತ್ತಿದ್ದಾರೆ: ಡಾಕ್ಟರು ನಮಗೆ ಹೊಳೆಯನ್ನು ವಾಪಸು ಕೊಟ್ಟರು ಎಂದು. ಆದರೆ ಇಲ್ಲಿಗೇ ನಿಲ್ಲಿಸಿದರೆ ಅವರು ಒಪ್ಪುತ್ತಿರಲಿಲ್ಲ. ಆಮೇಲಿನದು ಅವರಿಗೆ ಹೆಚ್ಚು ಮುಖ್ಯವಾಗಿತ್ತು. ನಮಗೆ ಅದು ಹೇಳಲು ಅಷ್ಟು ಇಷ್ಟವಾಗದ ಭಾಗ.

ನಾತ ಹೋಯಿತು. ಈ ಕಿಟಕಿಗಳ ಮೊಳೆಗಳನ್ನು ಅವರು ತಾವೇ ಕಿತ್ತರು — ಹಲ್ಲು ಕೀಳುವ ಇಕ್ಕಳದಿಂದ ಕಿತ್ತರು ಎಂದು ಊರು ನಂಬಿದೆ; ಅದು ಬಡಗಿಯಿಂದ ಎರವಲು ತಂದ ಇಕ್ಕಳ, ಆದರೆ ಅವರು ಎಂದೂ ಅಲ್ಲ ಅನ್ನಲಿಲ್ಲ. ಕಿಟಕಿ ತೆರೆದು ನೋಡಿದರೆ ಏನು ಕಂಡಿತು? ಜೊಂಡು, ಹೂಳು, ಕೆಸರು. ಇಷ್ಟೆಲ್ಲ ಮಾಡಿದ ಮೇಲೆ ಹೊಳೆ ಹೀಗೆ ಕಾಣಬೇಕೇ ಅನ್ನಿಸಿತು ನಮಗೆ. ಆಗ ಊರಿಗೆ ಊರೇ ನೀರಿಗಿಳಿಯಿತು. ಜೊಂಡನ್ನು ಬೇರುಸಹಿತ ಕಿತ್ತೆವು. ಜೆಸಿಬಿ ತರಿಸಿ ಹೂಳು ಎತ್ತಿಸಿದೆವು, ಗುಂಡಿ ಬಿದ್ದ ಜಾಗಗಳನ್ನು ಮಟ್ಟ ಮಾಡಿಸಿದೆವು, ಈ ಸಭಾಂಗಣದ ಕೆಳಗಿನ ತಿರುವಿನಲ್ಲಿ ದಂಡೆಗೆ ಕಲ್ಲು ಕೂರಿಸಿ ಸಿಮೆಂಟು ಮೆತ್ತಿದೆವು. ಮುಂದೆ ನಿಂತು ಮಾಡಿಸಿದವರು ಅವರೇ. ಕೆಸರಾದ ಕೈ ತೋರಿಸುತ್ತ, "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮ ಕಸುಬಲ್ಲಿ ಉಲ್ಟಾ ಡಾಕ್ಟ್ರಮ್ಮ, ಇನ್ನೊಬ್ಬರ ಬಾಯಿ ಕೆಸರಾದ್ರೇನೇ ನಮಗೆ ಮೊಸರು" ಎಂದು ನಗುತ್ತಿದ್ದರು. ಹೊಳೆ ಹೊಸದಾಗಿ ಉಜ್ಜಿದ ಹಲ್ಲಿನ ಹಾಗೆ ಫಳಫಳ ಹೊಳೆಯಿತು. ಫೋಟೋಗಳು ಬಂದವು. ಬಹುಮಾನವೂ ಬಂತು.

ಮುಂದಿನ ಬೇಸಿಗೆಗೆ ಹೊಳೆ ನಿಂತುಹೋಯಿತು.

ಹಿಂದೆ ನಾರುತ್ತಿದ್ದಾಗಲೂ ನಿಲ್ಲದಿದ್ದ ಹೊಳೆ. ನೀರನ್ನು ಹಿಡಿದಿಡಲು ನಾವು ಏನನ್ನೂ ಉಳಿಸಿರಲಿಲ್ಲ. ಮಳೆಯ ನೀರು ಬಂದ ದಾರಿಯಲ್ಲೇ ಓಡಿಹೋಯಿತು. ಉಳಿದ ತೆಳು ನೀರು ಬಿಸಿಲಿಗೆ ಕಾಯಿತು, ಬತ್ತಿತು. ಮೀನುಗಳು ಅಡಗುತ್ತಿದ್ದ ಗುಂಡಿಗಳನ್ನು ನಾವೇ ಮುಚ್ಚಿದ್ದೆವು. ಆ ವಾರ ದಂಡೆಯ ಮೇಲೆ ಏನಿತ್ತು ಎಂದು ನಾನು ಬಿಡಿಸಿ ಹೇಳುವುದಿಲ್ಲ. ನೋಡಿದವರು ಇಲ್ಲಿದ್ದೀರಿ.

ಇದು ಹೊಳೆಯನ್ನು ಹಾಳುಗೆಡವಿದವರು ಮಾಡುವ ತಪ್ಪಲ್ಲ. ಹೊಳೆಯನ್ನು ಪ್ರೀತಿಸಿದವರು ಮಾತ್ರ ಮಾಡಬಲ್ಲ ತಪ್ಪು. ಅದನ್ನು ಯೋಚಿಸಿದಾಗೆಲ್ಲ ನನಗೆ ಒಂದು ಬಗೆಯ ಭಯವಾಗುತ್ತದೆ.

ಬಹುಮಾನ ಬಂದದ್ದಕ್ಕೆ ಇದೇ ಸಭಾಂಗಣದಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದೆವು. ದಿನಾಂಕ ಮೊದಲೇ ಗೊತ್ತಾಗಿತ್ತು, ಬೇಸಿಗೆಯ ನಡುವೆ ಬಂತು. ನಾನು ನಿಂತಿರುವ ಈ ಜಾಗದಲ್ಲೇ ನಿಂತು ಅವರು, "ಈ ಹೊಳೆನ ಕೊಂದಿದ್ದು ನಾನು" ಅಂದರು. ನಾವು ಚಪ್ಪಾಳೆ ತಟ್ಟಿದೆವು. ವಿನಯದ ಮಾತು ಅಂದುಕೊಂಡೆವು. ಚಪ್ಪಾಳೆ ನಿಲ್ಲುವವರೆಗೂ ಕಾದು ಅವರು ಮತ್ತೆ ಅದನ್ನೇ ಹೇಳಿದರು, ಇನ್ನೂ ಮೆತ್ತಗೆ.

"ನಾನು ಹಲ್ಲಿನ ಡಾಕ್ಟ್ರು. ಬೆಳಗ್ಗೆ ಎದ್ರೆ ಪಾಚಿ ಕೆರೆಯೋದು, ತೊಳೆಯೋದು. ಹೊಳೆನೂ ಹಾಗೇ ಅಂದ್ಕೊಂಡೆ. ನಾನು ಕೆರೆದು ಹಾಕಿದ್ದು ಪಾಚಿ ಅಲ್ಲ, ವಸಡು. ವಸಡಿಲ್ದೆ ಹಲ್ಲು ನಿಲ್ಲತ್ತಾ? ಜೊಂಡು, ಕೆಸರು, ಒದ್ದೆ ದಂಡೆ — ಅದು ಹೊಳೆ ವಸಡು. ಇಷ್ಟು ವರ್ಷ ನಿಮಗೆಲ್ಲ ಮೆಲ್ಲಗೆ ಉಜ್ಜಿ, ವಸಡು ಜೋಪಾನ ಅಂತ ಹೇಳಿದೋನಿಗೆ ಅಷ್ಟು ಗೊತ್ತಾಗ್ಲಿಲ್ಲ."

ಚಪ್ಪಾಳೆ ಬರಲಿಲ್ಲ. ಕುರ್ಚಿ ಸರಿಸುವ ಸದ್ದು ಮಾತ್ರ.

ಅದರ ನಂತರದ ವರ್ಷಗಳು ನಿಜವಾಗಿ ಕಷ್ಟದವು. ಹೊಲಸಿನ ವಿರುದ್ಧ ಜನರನ್ನು ಎಬ್ಬಿಸಬಹುದು. ಕಿತ್ತವರ ಕೈಯಲ್ಲೇ ಮತ್ತೆ ನೆಡಿಸುವುದು ಬೇರೆಯೇ ಮಾತು. ತರಕಾರಿ ಮಾರುವ ನಮ್ಮ ಅಜ್ಜಿ — ಇದ್ದೀರಲ್ಲ, ಅಲ್ಲಿ — ಡಾಕ್ಟರನ್ನು ಹಿಡಿದು ನಿಲ್ಲಿಸಿ ಕೇಳಿದ್ದರು. "ಅಲ್ರೀ, ಹೋದ ವರ್ಷ ಕೀಳಿ ಅಂದ್ರಿ, ಕಿತ್ತು ಕಿತ್ತು ಸೊಂಟ ಬಿದ್ದೋಯ್ತು. ಈ ವರ್ಷ ನೆಡಿ ಅಂತೀರಿ. ಮುಂದಿನ ವರ್ಷ ಏನು, ಮತ್ತೆ ಕೀಳೋದಾ?"

"ಹಲ್ಲು ಕೀಳೋನ ಮಾತು ಕೇಳಿದ್ರೆ ಹೀಗೇ ಅಜ್ಜಿ ಆಗೋದು," ಅಂದರು ಇವರು.

ಅಜ್ಜಿ ನಕ್ಕರು, ಆದರೆ ನೆಡಲು ಬರಲಿಲ್ಲ. ಬಹಳ ಜನ ಬರಲಿಲ್ಲ. ಡಾಕ್ಟರಿಗೆ ತಲೆ ಕೆಟ್ಟಿದೆ, ಕಸ ನೆಡುತ್ತಾರೆ ಅಂದರು. ಕ್ಲಿನಿಕ್ಕಿಗೆ ಬರುವವರೂ ಗೋಡೆಯ ನನ್ನ ಕಡೆಗೆ ಹೆಚ್ಚಾದರು. ಅವರು ಬೆಳಿಗ್ಗೆ ಕುರ್ಚಿಗೆ ಬರುವ ಮೊದಲು ಹೊಳೆಗೆ ಹೋಗಿ, ಮೇಲಿನ ಊರುಗಳಿಂದ ತಂದ ಜೊಂಡಿನ ಗಡ್ಡೆಗಳನ್ನು ಹೂಳುತ್ತಿದ್ದರು. ತಿರುವಿನಲ್ಲಿ ನಾವು ಹಾಕಿದ ಕಲ್ಲುಗಳನ್ನು ಒಂದೊಂದಾಗಿ ಕೀಳಿಸಿದರು. ಒಂದು ಕಲ್ಲಿನ ಹಿಂದೆ ಮಣ್ಣು ಒದ್ದೆ ಇತ್ತು. ಅಲ್ಲೊಂದು ಒರತೆ. ದಂಡೆಯೊಳಗಿಂದ ಸಣ್ಣಗೆ ಒಸರುವ ನೀರು. ಅದರ ಬಾಯಿಗೇ ನಾವು ಸಿಮೆಂಟು ಮೆತ್ತಿದ್ದೆವು.

ಹೋದ ಬೇಸಿಗೆಯಲ್ಲಿ ಆ ತಿರುವಿನಲ್ಲಿ ನೀರು ನಿಂತಿತ್ತು. ಒಂದು ಎತ್ತಿನಗಾಡಿ ಹಿಡಿಯುವಷ್ಟು ಜಾಗದಲ್ಲಿ. ಅಷ್ಟೇ. ಸೇತುವೆಯ ಮೇಲ್ಗಡೆ ಹೊಳೆ ಈಗಲೂ ಬೇಸಿಗೆಗೆ ಒಣಗುತ್ತದೆ. ಹೊಳೆಯನ್ನು ಉಳಿಸಿದೆವು ಎಂದು ಹೇಳಲು ನನಗೆ ಧೈರ್ಯವಿಲ್ಲ. ಉಳಿಸುತ್ತಿದ್ದೇವೆ ಅನ್ನಬಹುದೇನೋ. ಅದೂ ನಾವು ಸುಮ್ಮನೆ ಬಿಟ್ಟರೆ.

ಕೊನೆಯ ದಿನಗಳಲ್ಲಿ, ಆಸ್ಪತ್ರೆಯಲ್ಲಿ, ಅವರ ಮೂಗಿಗೆ ಆಮ್ಲಜನಕದ ಕೊಳವೆ ಇತ್ತು. ಬೇರೆ ವಾಸನೆ ಯಾವುದೂ ತಿಳಿಯುತ್ತಿರಲಿಲ್ಲ. ಹೋದಾಗೆಲ್ಲ ಮೊದಲ ಪ್ರಶ್ನೆ ಒಂದೇ: "ವಾಸನೆ ಹೇಗಿದೆ, ಡಾಕ್ಟ್ರಮ್ಮ?"

"ಒದ್ದೆ ಮಣ್ಣಿಂದು, ಸರ್."

"ಮಣ್ಣಿಂದಾ? ಹಾಗಾದ್ರೆ ಸರಿ."

ಕೊನೆಯ ಸಲ ಹೋದಾಗ ತಿರುವಿನಿಂದ ಒಂದು ಜೊಂಡಿನ ದಂಟು ಒಯ್ದಿದ್ದೆ. ಅವರು ನೆಟ್ಟದ್ದಲ್ಲ, ತಾನಾಗಿ ಬಂದದ್ದು. ಬುಡದಲ್ಲಿ ಕೆಸರು ಮೆತ್ತಿಕೊಂಡಿತ್ತು. ನರ್ಸು ಕಣ್ಣು ಕೆಂಪು ಮಾಡಿದರು, ಮಾಡಬೇಕಾದದ್ದೇ. ಡಾಕ್ಟರು ದಂಟನ್ನು ಕೈಗೆ ತೆಗೆದುಕೊಂಡರು. ಬೆರಳನ್ನು ಆ ಕೆಸರಿಗೆ ಒತ್ತಿ ಹಾಗೇ ಇಟ್ಟುಕೊಂಡರು. ಮಗಳು ಒದ್ದೆ ಬಟ್ಟೆ ತಂದಳು. "ಅಪ್ಪಾ, ಕೈ ಕೊಡಿ, ಒರೆಸ್ತೀನಿ."

"ಇರ್ಲಿ ಬಿಡು ಮಗಳೇ," ಅಂದರು. "ಜೀವಮಾನ ಪೂರ್ತಿ ತೊಳೆದಿದ್ದೀನಲ್ಲ."

— ಕ್ಷಮಿಸಿ. ಒಂದು ನಿಮಿಷ.

ಈಗ ನಾನು ಹೇಳಬೇಕಾದ ಮಾತು. ಬಾಗಿಲಲ್ಲಿ ಎಲ್ಲರೂ ಒಂದು ಬಣ್ಣದ ಚಿತ್ರ ನೋಡಿದ್ದೀರಿ. ಕೆಳಗಿನ ತಿರುವಿನಲ್ಲಿ ಕಲ್ಲಿನ ದಂಡೆ, ನಡೆಯಲು ಹಾದಿ, ಬೆಂಚು, ದೀಪ, ಅದಕ್ಕೆ ಡಾಕ್ಟರ ಹೆಸರು. ಇವತ್ತು ಈ ಸಭೆಯಲ್ಲೇ ಅದನ್ನು ಘೋಷಿಸಬೇಕೆಂದು ಅಧ್ಯಕ್ಷರ ಮನಸ್ಸು. ನಮ್ಮ ಅಧ್ಯಕ್ಷರು ಬಟ್ಟೆ ಅಂಗಡಿಯ ಕೆಲಸ ಬಿಟ್ಟು, ಊಟ ತಿಂಡಿ ಬಿಟ್ಟು ಆ ಚಿತ್ರ ಬರೆಸಿದ್ದಾರೆ. ಅದರ ಹಿಂದೆ ಪ್ರೀತಿಯಲ್ಲದೆ ಬೇರೆ ಏನೂ ಇಲ್ಲ, ಇದನ್ನು ನಾನು ಬಲ್ಲೆ.

ಸಾವಿನ ಸಭೆಯಲ್ಲಿ ಇಂಥ ಮಾತು ಎತ್ತಬೇಕೇ ಎಂದು ಬಹಳ ಕೇಳಿಕೊಂಡೆ. ದುಃಖದಲ್ಲಿರುವವರ ನಡುವೆ ತಕರಾರು ತೆಗೆಯುವುದು ಸರಿಯೇ? ಬೆಳಿಗ್ಗೆ ಅಕ್ಕನ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ಅಕ್ಕ ಪಕ್ಕದಲ್ಲಿ ನಿಂತು ಒರೆಸಿಡುತ್ತಿದ್ದರು. ಇದ್ದಕ್ಕಿದ್ದಂತೆ, "ಕಲ್ಲು ಹಾಕ್ತಾರಂತೆ ಕಣೆ, ಇವರ ಹೆಸರಲ್ಲಿ" ಅಂದರು. "ನೀನು ಹೇಳ್ತೀಯೋ, ನಾನು ಹೇಳ್ಲೋ? ನಾನು ಎದ್ದು ನಿಂತ್ರೆ ಅತ್ತುಬಿಡ್ತೀನಿ. ಅತ್ತರೆ ಎಲ್ಲರೂ ಪಾಪ ಅಂತಾರೆ, ಮಾತು ಯಾರೂ ಕೇಳಲ್ಲ."

ಅದಕ್ಕೆ ನಾನು ಹೇಳುತ್ತಿದ್ದೇನೆ.

ಅಧ್ಯಕ್ಷರೆ, ಆ ಕಲ್ಲು ಬೇಡ. ಅವರು ಕೀಳಿಸಿದ ಕಲ್ಲನ್ನು ಅವರ ಹೆಸರು ಕೆತ್ತಿ ಮತ್ತೆ ಅದೇ ಒರತೆಯ ಬಾಯಿಗೆ ಇಡುವುದು ಬೇಡ. ಅವರು ಒಮ್ಮೆ ಮಾಡಿದ ತಪ್ಪನ್ನು ಅವರ ನೆನಪಿಗಾಗಿ ನಾವು ಇನ್ನೊಮ್ಮೆ ಮಾಡಬಾರದು. ತಿರುವು ಹಾಗೇ ಇರಲಿ. ಕೆಸರಾಗಿರಲಿ, ಜೊಂಡು ಅಡ್ಡಾದಿಡ್ಡಿ ಬೆಳೆಯಲಿ. ನೋಡಿದವರು, ಇದೇನು ಇಷ್ಟು ಅಸಹ್ಯವಾಗಿ ಬಿಟ್ಟಿದ್ದಾರೆ ಅನ್ನಲಿ. ನೀರು ಇದ್ದರೆ ಸಾಕು. ಹೆಸರು ಬೇಕೇ ಬೇಕೆಂದರೆ ಬಾಯಲ್ಲಿ ಇಟ್ಟುಕೊಳ್ಳೋಣ. ನಮ್ಮೆಲ್ಲರ ಬಾಯಿ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಧ್ಯಕ್ಷರು ತಲೆಯಾಡಿಸುತ್ತಿದ್ದಾರೆ. ಹೌದು ಎಂದೋ ಅಲ್ಲ ಎಂದೋ, ಇಲ್ಲಿಂದ ನನಗೆ ಕಾಣುತ್ತಿಲ್ಲ. ಈಗಲೇ ಹೇಳಬೇಕಾಗಿಲ್ಲ ಸರ್. ಆದರೆ ಆ ಚಿತ್ರವನ್ನು ಇವತ್ತು ಘೋಷಿಸಬೇಡಿ. ಒಮ್ಮೆ ನನ್ನ ಜೊತೆ ತಿರುವಿಗೆ ಇಳಿದು ಬನ್ನಿ. ಅವರ ಗಮ್‌ಬೂಟು ಕ್ಲಿನಿಕ್ಕಿನಲ್ಲೇ ಇದೆ, ನಿಮ್ಮ ಅಳತೆಗೆ ಆಗುತ್ತದೆ. ಆ ಒದ್ದೆ ಮಣ್ಣಿಗೆ ಒಂದು ಬೆರಳು ಒತ್ತಿ ನೋಡಿ. ಆಮೇಲೂ ಕಲ್ಲು ಬೇಕೆನ್ನಿಸಿದರೆ ಅಕ್ಕನಿಗೆ ನೀವೇ ಹೇಳಿ.

ನನ್ನ ಮಾತು ಇಷ್ಟೇ. ಈಗ ಅವರಿಗಾಗಿ ಎಲ್ಲರೂ ಎದ್ದು ನಿಲ್ಲೋಣ. ಅದಕ್ಕೆ ಮೊದಲು, ಹೊಳೆಯ ಕಡೆ ಕುಳಿತವರು ದಯವಿಟ್ಟು ಆ ಕಿಟಕಿಗಳನ್ನು ತೆರೆಯಿರಿ. ಎಲ್ಲವನ್ನೂ. ಬಿಗಿಯಾಗಿದ್ದರೆ ಸ್ವಲ್ಪ ದೂಡಿ, ಮೊಳೆ ಇಲ್ಲ ಈಗ.

ಹಾಂ. ಇನ್ನೂ.

ನೀರಿನ ಸದ್ದು ಕೇಳದಿರಬಹುದು, ಬೇಸಿಗೆ ಇದು. ಗಾಳಿ ಬರುತ್ತದೆ. ಯಾರೂ ಮೂಗಿಗೆ ಕರವಸ್ತ್ರ ಹಿಡಿಯಬೇಕಾಗಿಲ್ಲ. ಅವರು ನಮಗೆ ಉಳಿಸಿಹೋದದ್ದು ಈ ಗಾಳಿ, ಆ ಕೆಸರು. ಎದ್ದು ನಿಲ್ಲಿ, ತಿರುವಿನ ಕಡೆ ಮುಖ ಮಾಡಿ.

ಇಷ್ಟು ವರ್ಷ ನಮ್ಮ ಬಾಯಿ ತೆರೆಸಿದವರಿಗಾಗಿ, ಒಂದು ಗಳಿಗೆ, ಬಾಯಿ ಮುಚ್ಚಿ ಉಸಿರಾಡೋಣ.